ಎರಡು ಒಲೆಯ ಗೊಬ್ಬರ

ಸಾರಕ್ಕಿಯ ಆ ಮನೆಯಲ್ಲಿ ಯುಗಾದಿಯಿಂದ ಈಚೆಗೆ ಎರಡು ಒಲೆ ಉರಿಯುತ್ತಿದ್ದವು. ಕೆಳಗೆ ಮಂಗಮ್ಮ ಮತ್ತು ಅವಳ ಗಂಡ ಚಿಕ್ಕಬೈರಪ್ಪ. ಮೊದಲ ಮಹಡಿಯಲ್ಲಿ ಮಗ ಶಶಿಧರ್, ಸೊಸೆ ವಿಮಲಾ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಬಿಂದುಶ್ರೀ. ಅದರ ಮೇಲಿನದು ಬಾಡಿಗೆಗೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ ವಿಮಲಾಳ ಅಣ್ಣ ಬಂದಿದ್ದ. ಅವನ ತಟ್ಟೆಗೆ ಮಂಗಮ್ಮ ಮೂಳೆಯನ್ನೇ ಹುಡುಕಿ ಬಡಿಸಿದಳು ಎಂದು ವಿಮಲಾ ಅಂದಳು. ಸೌಟಿಗೆ ಸಿಕ್ಕಿದ್ದನ್ನು ಬಡಿಸಿದೆ ಎಂದು ಮಂಗಮ್ಮ. ಮಾತು ಎಲ್ಲೆಲ್ಲಿಗೋ ಹೋಯಿತು. ಆ ವಾರವೇ ಮೊದಲ ಮಹಡಿಯ ಸಾಮಾನು ಕೋಣೆಗೆ ಒಂದು ಸಿಲಿಂಡರು, ಒಂದು ಸ್ಟವ್ ಬಂದವು. ನಾಲ್ಕು ದಿನದ ಮುನಿಸು ಎಂದೇ ಎಲ್ಲರೂ ಅಂದುಕೊಂಡಿದ್ದರು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಒಲೆ ಎರಡೇ ಉಳಿದವು.

ಮಾತು ಹೊತ್ತು ಮೆಟ್ಟಿಲು ಹತ್ತಿಳಿಯುವ ಕೆಲಸ ಬಿಂದುವಿನದಾಯಿತು.

"ಮೋಟರ್ ಹಾಕಿದಾರಾ ಕೇಳು."

"ತಾತ ಬಿಪಿ ಮಾತ್ರೆ ತಗೊಂಡ್ರಾ ನೋಡ್ಕೊಂಡು ಬಾ."

"ನಮ್ಮ ಇಡ್ಲಿ ಪಾತ್ರೆ ಕೆಳಗಿದೆ, ಇಸ್ಕೊಂಡು ಬಾ. ನಿಮ್ಮಜ್ಜಿ ಏನಾದ್ರೂ ಅಂದ್ರೆ ನಂಗ್ ಬಂದು ಹೇಳ್ಬೇಡ."

ಡಿಸೆಂಬರ್ ಮೊದಲ ವಾರದಲ್ಲಿ ಅವಳು ಶಾಲೆಯಿಂದ ಒಂದು ಸುದ್ದಿ ತಂದಳು. ಕೃಷಿ ಕಾಲೇಜಿನಲ್ಲಿ ಜನವರಿ ಕೊನೆಗೆ ಓಪನ್ ಡೇ. ಹೈಸ್ಕೂಲ್ ಮಕ್ಕಳಿಗೆ ಬೀಜ ಗುರುತಿಸುವುದು, ಕ್ವಿಜ್ಜು, ಇನ್ನೂ ಏನೇನೋ ಸ್ಪರ್ಧೆಗಳು. ಅದರಲ್ಲಿ ಒಂದು, ಮನೆಯ ಹಸಿಕಸದಿಂದ ಗೊಬ್ಬರ ಮಾಡಿ ತರುವುದು. ಗೆದ್ದವರನ್ನು ಬೇಸಿಗೆ ರಜದಲ್ಲಿ ಹತ್ತು ದಿನ ಕಾಲೇಜಿನ ಹಾಸ್ಟೆಲಿನಲ್ಲೇ ಇಟ್ಟುಕೊಂಡು ತರಬೇತಿ ಕೊಡುತ್ತಾರೆ.

"ಸುಭಾಷ್ ಸರ್ ನನ್ನ ಹೆಸರು ಬರ್ಕೊಂಡ್ರು," ಅಂದಳು ಬಿಂದು ರಾತ್ರಿ ಊಟಕ್ಕೆ ಕೂತಾಗ.

"ಹಾಸ್ಟೆಲ್ ಯಾಕೆ? ಮನೇಲಿ ಜಾಗ ಇಲ್ವಾ ನಿಂಗೆ?" ಶಶಿಧರ್ ನಕ್ಕ. ಅವನದು ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಪೈಪು ನಲ್ಲಿಗಳ ಅಂಗಡಿ. ಊಟದ ಹೊತ್ತಿಗೆ ಅವನಿಗೆ ಮಾತು ಕಮ್ಮಿ, ನಗು ಇನ್ನೂ ಕಮ್ಮಿ.

"ಅಲ್ಲಿ ಎಲ್ರಿಗೂ ಒಂದೇ ಮೆಸ್ ಅಂತೆ ಅಪ್ಪ."

ನಗು ನಿಂತಿತು. ವಿಮಲಾ ಮೊಸರಿನ ಪಾತ್ರೆ ತರಲು ಎದ್ದು ಹೋದಳು.

ಮೂರು ಜನರ ಮನೆಯ ಸಿಪ್ಪೆಗೆ ಗೊಬ್ಬರಕ್ಕೆಂದು ತಂದಿಟ್ಟ ಡ್ರಮ್ಮು ತುಂಬುವುದಿಲ್ಲ ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಬಿಂದು ಹಸಿರು ಬಕೆಟ್ ಹಿಡಿದು ಕೆಳಗಿಳಿದಳು. ಮಂಗಮ್ಮ ಬಾಗಿಲ ಮೆಟ್ಟಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ಅಜ್ಜಿ, ನಿಮ್ಮನೆ ಕಸ ಬೇಕು."

"ನಿಮ್ಮಮ್ಮಂಗೆ ಗೊತ್ತಾ?"

"ಗೊತ್ತು."

"ನನ್ನ ಮನೆ ಕಸ ಅವಳ್ಯಾಕ್ ನೋಡ್ಬೇಕು?"

"ಅಮ್ಮ ಅಲ್ಲ ಅಜ್ಜಿ, ನೋಡೋದು ನಾನು."

"ಎರಡು ದಿನ ನೀನ್ ನೋಡ್ತೀಯ. ಹೋದ್ ವರ್ಷ ರೇಷ್ಮೆ ಹುಳ ತಂದ್ಯಲ್ಲ, ಸೊಪ್ಪು ಹಾಕಿದ್ಯಾರು?"

ಕುರ್ಚಿಯಲ್ಲಿ ಕೂತಿದ್ದ ಚಿಕ್ಕಬೈರಪ್ಪ ಪೇಪರಿನ ಹಿಂದಿನಿಂದ, "ಕೊಡೇ, ಕಸ ತಾನೇ ಕೇಳ್ತಿರೋದು," ಅಂದ. ಅವನು ದಿನಕ್ಕೆ ಆಡುವ ಮಾತುಗಳಲ್ಲಿ ಅದು ಉದ್ದನೆಯದು. ಮಂಗಮ್ಮ ಅವರೆ ಸಿಪ್ಪೆಯ ರಾಶಿಯನ್ನು ಎಡಗೈಯಿಂದ ಬಕೆಟ್ಟಿಗೆ ತಳ್ಳಿದಳು. ದೀಪಾವಳಿಯ ನಂತರ ಬಚ್ಚಲಲ್ಲಿ ಜಾರಿ ಅವಳ ಬಲ ಮಣಿಕಟ್ಟು ಊದಿಕೊಂಡಿತ್ತು. ಎಣ್ಣೆಬಟ್ಟೆ ಕಟ್ಟಿಸಿಕೊಂಡು ಬಂದು, ಒಂದು ವಾರಕ್ಕೆ ಬಿಚ್ಚಿ ಎಸೆದು, ವಾಸಿಯಾಯಿತು ಎಂದು ಎಲ್ಲರಿಗೂ ಹೇಳಿದ್ದಳು.

ಡ್ರಮ್ಮು ಇದ್ದದ್ದು ಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ, ನೀರಿನ ಸಂಪಿನ ಮಗ್ಗುಲಿಗೆ. ಬೇಯಿಸಿದ್ದು ಹಾಕಬಾರದು, ಎಣ್ಣೆ, ಮೂಳೆ ಹಾಕಬಾರದು, ಒಂದು ಪದರ ಕಸಕ್ಕೆ ಒಂದು ಪದರ ಒಣಗಿದ ಎಲೆ, ಮೂರು ದಿನಕ್ಕೊಮ್ಮೆ ಕೆದಕಬೇಕು. ಬಿಂದು ಇದನ್ನೆಲ್ಲ ಎರಡೂ ಮನೆಗೆ ಪಾಠ ಒಪ್ಪಿಸಿದಂತೆ ಹೇಳಿದಳು. ಅಜ್ಜಿ ಹೇಳಿದ ಎರಡು ದಿನ ಎರಡು ವಾರಕ್ಕೆ ಬಂತು. ಆಮೇಲೆ ಗಣಿತದ ಟ್ಯೂಷನ್ ಶುರುವಾಯಿತು. ಕೆಳಗಿನ ಬಕೆಟ್ ತಂದು ಡ್ರಮ್ಮಿನ ಪಕ್ಕ ಇಡುವುದು ಬಿಂದು, ಅದನ್ನು ಸುರಿದು ಕೆದಕುವುದು ವಿಮಲಾ ಎಂದಾಯಿತು.

ಹೀಗೆ ಒಂದು ಮನೆ ಏನು ತಿನ್ನುತ್ತದೆಂದು ಇನ್ನೊಂದಕ್ಕೆ ದಿನವೂ ತಿಳಿಯತೊಡಗಿತು.

"ಹಿಚುಕಿದ ಬೇಳೆ ಸಾರು ಮಾಡಿದಾರೆ ಕೆಳಗೆ," ಅಂದಳು ವಿಮಲಾ ಒಂದು ಸಂಜೆ, ಬಕೆಟ್ಟಿನ ತುಂಬ ಇದ್ದ ತೆಳು ಸಿಪ್ಪೆಗಳನ್ನು ನೋಡಿ ಬಂದು. "ಮೊಮ್ಮಗಳಿಗೆ ಒಂದು ಬಟ್ಟಲು ಕಳಿಸ್ಬೇಕು ಅನ್ನಿಸ್ಲಿಲ್ಲ."

"ನೀನ್ ಮೊನ್ನೆ ಕಡುಬು ಮಾಡ್ದಾಗ ಕಳಿಸಿದ್ಯಾ?" ಅಂದ ಶಶಿಧರ್.

"ಕಳಿಸಿದ್ರೆ ಇಸ್ಕೊಳ್ತಿದ್ರಾ?"

ಕೆಳಗೆ ಮಂಗಮ್ಮ ಮೊಮ್ಮಗಳ ಕೈಲಿದ್ದ ಮೇಲಿನ ಮನೆಯ ಡಬ್ಬಿಯಲ್ಲಿ ಇಣುಕಿ, "ಮೂರು ದಿನದಿಂದ ಒಂದು ಸೊಪ್ಪಿನ ದಂಟಿಲ್ಲ. ಹೋಟ್ಲಿಂದ ತರಿಸ್ತಾಳಾ ಹೆಂಗೆ?" ಅಂದಳು.

"ಪರೀಕ್ಷೆ ಅಜ್ಜಿ. ಅಮ್ಮಂಗೂ ಸೊಂಟ ನೋವು."

"ನಂಗೇನು ಸೊಂಟ ಇರ್ಲಿಲ್ವಾ?"

ಬಿಂದು ಈ ಎರಡು ಮಾತನ್ನೂ ಮೇಲಕ್ಕೆ ಒಯ್ಯಲಿಲ್ಲ. ಮೆಟ್ಟಿಲ ಮೇಲೆ ಯಾವುದನ್ನು ಬಿಟ್ಟುಬಿಡಬೇಕೆಂಬುದು ಅವಳಿಗೆ ಅಷ್ಟು ತಿಂಗಳಲ್ಲಿ ರೂಢಿಯಾಗಿತ್ತು.

ಒಂದು ಬೆಳಿಗ್ಗೆ ಎರಡನೇ ಮಹಡಿಯ ರೇಣುಕವ್ವ ಬಟ್ಟೆ ಒಣಹಾಕಲು ಹೋಗುತ್ತ ವಿಮಲಾಳನ್ನು ತಡೆದಳು. ಅವಳು ಕೊಪ್ಪಳದ ಕಡೆಯವಳು.

"ಯಕ್ಕಾ, ವಾಸನಿ ಮ್ಯಾಲಿನ ತನಕ ಬರಾಕತ್ತೈತ್ರಿ. ನಮ್ಮೂರಾಗ ತಿಪ್ಪಿ ಊರ ಹೊರಗ ಇರತೈತಿ. ನೀವು ನೋಡಿದ್ರ ಮನಿ ಮಗ್ಗಲ್ದಾಗ ಇಟ್ಕೊಂಡೀರಿ."

"ಮಗಳ ಸ್ಕೂಲಿಂದು ರೇಣುಕವ್ವ. ಒಂದು ತಿಂಗಳು ಸಹಿಸ್ಕೊಳಿ."

"ಸೈಸ್ಕೊಂತೀವಿ ಬಿಡ್ರಿ. ಬಾಡಿಗಿ ಏರಿಸಿದ್ದನ್ನ ಸೈಸ್ಕೊಂಡೀವಿ, ಇದೇನ್ ದೊಡ್ಡದು."

ಸಿಪ್ಪೆಗೆ ಅಂಥ ಹುಳಿ ವಾಸನೆ ಬರುವುದಿಲ್ಲ. ವಿಮಲಾ ಅಂದು ಡ್ರಮ್ಮನ್ನು ಆಳಕ್ಕೆ ಕೆದಕಿದಳು. ಅವರೆ ಸಿಪ್ಪೆಯ ಕೆಳಗಿನಿಂದ ಕಪ್ಪಗಾದ ಒಂದು ಉಂಡೆ ಉರುಳಿತು. ಇನ್ನೊಂದು. ಸಲಾಕೆಯಿಂದ ಒತ್ತಿದಳು. ಹೊರಗೆ ಬೂಸು ಹಿಡಿದಿತ್ತು. ಒಳಗೆ ಒಣ ರಾಗಿ ಹಿಟ್ಟು ಹಾಗೇ ಇತ್ತು, ಬೂದಿಯ ಹಾಗೆ ಉದುರಿತು.

ಮೊದಲು ಅವಳಿಗೆ ಸಿಟ್ಟು ಬಂತು. ಅನ್ನವನ್ನು ಹೀಗೆ ಎಸೆಯುವ ಸೊಕ್ಕೇ ಎಂದು. ಆಮೇಲೆ ಇನ್ನೊಂದನ್ನು ಒಡೆದಳು. ಅದೂ ಗಂಟು. ಎಸರಿಗೆ ಹಿಟ್ಟು ಹಾಕಿದ ಮೇಲೆ ಕೋಲಿನಿಂದ ಮೈಬಲ ಬಿಟ್ಟು ತೊಳಸದಿದ್ದರೆ ಮುದ್ದೆ ಹೀಗಾಗುತ್ತದೆ. ಮಂಗಮ್ಮನ ಮುದ್ದೆ ಹೀಗಾಗುವುದೆಂದರೇನು? ಮದುವೆ ಮನೆಗಳಲ್ಲಿ ಹಿಟ್ಟು ತೊಳಸಲು ಆ ಬೀದಿಯವರು ಕರೆಯುತ್ತಿದ್ದದ್ದೇ ಅವಳನ್ನು. ವಿಮಲಾ ಈ ಮನೆಗೆ ಬಂದ ಹೊಸತರಲ್ಲಿ ಒಂದು ದಿನ ಮುದ್ದೆ ಗಂಟಾದಾಗ, ಅದನ್ನು ಬಿಡಿಸಿ, ಊಟಕ್ಕೆ ಕೂತಿದ್ದ ನೆಂಟರಿಗೆಲ್ಲ ತೋರಿಸಿದ್ದಳು ಮಂಗಮ್ಮ.

ವಿಮಲಾ ಸಂಪಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಬೀದಿಯ ಆ ಕಡೆ ಲಕ್ಷ್ಮಿದೇವಮ್ಮನ ಹಸು ಇತ್ತು. ಉಳಿದದ್ದನ್ನೆಲ್ಲ ಮಂಗಮ್ಮ ಅದಕ್ಕೇ ಹಾಕುತ್ತಿದ್ದಳು. ಬೆಂದಿರದ ಮುದ್ದೆ ಅಲ್ಲಿಗೆ ಹೋದರೆ ಲಕ್ಷ್ಮಿದೇವಮ್ಮನ ಬಾಯಿಂದ ಮಾರ್ಕೆಟ್ಟಿನವರೆಗೂ ಹೋಗುತ್ತದೆ. ಕಸದ ಆಟೊ ಬಂದಾಗ ಬೀದಿಯ ಹೆಂಗಸರೆಲ್ಲ ಬಕೆಟ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಮುಚ್ಚಿಡಲು ಮಂಗಮ್ಮನಿಗೆ ಉಳಿದದ್ದು ಮೊಮ್ಮಗಳ ಡ್ರಮ್ಮು ಒಂದೇ.

ಉಂಡೆಗಳನ್ನು ಪುಡಿ ಮಾಡಿ, ಒಣ ಎಲೆ ಬೆರೆಸಿ, ವಿಮಲಾ ಮುಚ್ಚಳ ಹಾಕಿದಳು. ಮೇಲೆ ಹೋಗಿ ಕೈ ತೊಳೆದಳು. ಯಾರಿಗೂ ಹೇಳಲಿಲ್ಲ.

ಹೇಳದಿರಲು ಅವಳಿಗೆ ಕಾರಣವಿತ್ತು. ಸಂಕ್ರಾಂತಿ ಹತ್ತಿರವಾದಂತೆ ಶಶಿಧರ್ ಮತ್ತೆ ಮತ್ತೆ ಅದೇ ಮಾತು ತೆಗೆಯುತ್ತಿದ್ದ.

"ನೆಂಟರಿಷ್ಟರು ನಗ್ತಾರೆ. ಒಂದು ಗೇಟು, ಎರಡು ಒಲೆ. ಹಬ್ಬದ ದಿನದಿಂದ ಒಂದೇ ಮಾಡೋಣ."

"ನಿಮ್ಮಮ್ಮನ್ನ ಕೇಳಿದ್ರಾ?"

"ಕೇಳ್ದೆ. ಕೈ ಗಟ್ಟಿ ಇರೋ ತನಕ ನನ್ನ ಒಲೆ ನಂದು ಅಂದ್ಲು. ಸರಿ, ಅವಳ ಕೈಲಿ ಆಗಲ್ಲ ಅಂತ ಗೊತ್ತಾದ ದಿನ ನಾನು ಯಾರನ್ನೂ ಕೇಳಲ್ಲ. ಈ ಸ್ಟವ್ ಎತ್ತಿ ಅಂಗಡೀಗೆ ಹಾಕ್ತೀನಿ. ನೀನು ಕೆಳಗೆ ಮಾಡು, ಎಲ್ರೂ ಕೆಳಗೆ ತಿನ್ನೋಣ. ಏನಂತೀಯ?"

"ಅವರ ಒಲೆ, ಅವರಿಷ್ಟ," ಅಂದಳು ವಿಮಲಾ.

ಸಾಮಾನು ಕೋಣೆಯ ಆ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಕಿಟಕಿ ಒಂದು ಗೇಣು. ಆದರೆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತು, ತನಗೆ ಬೇಕಾದಷ್ಟು ಶುಂಠಿ ಜಜ್ಜಿ ಹಾಕಿಕೊಂಡು, ಟೀ ಕುಡಿಯಬಹುದಾಗಿತ್ತು. ಸಾರಿಗೆ ಎಷ್ಟು ಕಾಯಿ ತುರಿದೆ ಎಂದು ಹಿಂದೆ ಬಂದು ನಿಂತು ನೋಡುವವರಿರಲಿಲ್ಲ. ಭಾನುವಾರ ಉಪ್ಪಿಟ್ಟು ಮಾಡಿ ಮತ್ತೆ ಮಲಗಬಹುದಾಗಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ಕೋಣೆ ಅದೊಂದೇ.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಹಿಡಿದು ಬಿಂದು ಕೆಳಗೆ ಹೋದಾಗ ತಾತ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಪೊಂಗಲ್ ಇತ್ತು.

"ಇವತ್ತು ಚೆನ್ನಾಗಿ ತಿಂತಿದೀರ ತಾತ."

"ಹಬ್ಬ ಅಲ್ವಾ," ಅಂದ ಚಿಕ್ಕಬೈರಪ್ಪ. ಮೊದಲಿಗಿಂತ ಅವನ ಕೊರಳು ತೆಳ್ಳಗಾಗಿತ್ತು. ಮಂಗಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಕಬ್ಬಿನ ಸಿಪ್ಪೆಯನ್ನು ಬಕೆಟ್ಟಿಗೆ ತುಂಬುತ್ತಿದ್ದಳು.

ಓಪನ್ ಡೇಗೆ ಹತ್ತು ಹನ್ನೆರಡು ದಿನ ಇರುವಾಗ ಬಿಂದು ಡ್ರಮ್ಮಿಗೆ ಮುಚ್ಚಳ ಬಿಗಿದು, ಇನ್ನು ಯಾರೂ ಏನನ್ನೂ ಹಾಕುವಂತಿಲ್ಲ, ಗೊಬ್ಬರ ಮಾಗಬೇಕು ಎಂದು ಎರಡೂ ಮನೆಗೆ ಹೇಳಿದಳು. ಕೈಗೆ ಒಂದಿಷ್ಟು ತೆಗೆದು ತಂದು ತೋರಿಸಿದಳು. ಕಾಫಿಪುಡಿಯ ಬಣ್ಣ. ಮಳೆ ಬಿದ್ದ ಮಣ್ಣಿನ ವಾಸನೆ.

"ಮೂಸಿ ನೋಡಮ್ಮ. ಸುಭಾಷ್ ಸರ್ ಇದೇ ಗೆಲ್ಲುತ್ತೆ ಅಂದ್ರು."

"ಹೂಂ, ಚೆನ್ನಾಗಿದೆ," ಅಂದಳು ವಿಮಲಾ. ಮಗಳ ಮುಖ ಹಾಗೆ ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಅದರ ಮಾರನೆಯ ಸಂಜೆ ಹಾಲಿಗೆಂದು ಹೊರಟ ವಿಮಲಾ ಮೆಟ್ಟಿಲ ತಿರುವಿನಲ್ಲಿ ನಿಂತಳು. ಮಂಗಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಅದರೊಳಕ್ಕೆ ಬಗ್ಗಿದ್ದಳು. ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಎಡಗೈ ಮೊಣಕೈವರೆಗೂ ಗೊಬ್ಬರದೊಳಗಿತ್ತು. ಏನನ್ನೋ ಒತ್ತಿ ಒತ್ತಿ ಕೆಳಕ್ಕೆ ಇಳಿಸುತ್ತಿದ್ದಳು. ವಿಮಲಾ ಸದ್ದಾಗದಂತೆ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದಳು. ಕೆಳಗಿನ ಬಾಗಿಲ ಚಿಲಕ ಬಿದ್ದ ಮೇಲೆಯೇ ಹಾಲಿಗೆ ಹೋದಳು.

ಮಾರನೆಯ ಬೆಳಿಗ್ಗೆ ಡ್ರಮ್ಮಿನಿಂದ ಎರಡು ಉಂಡೆ ತೆಗೆದು ಕವರಿಗೆ ಹಾಕಿ ಕಸದ ಆಟೊಗೆ ಕೊಟ್ಟಳು. ಅದರ ಮಾರನೆಯ ದಿನವೂ ತೆಗೆದಳು. ಆಮೇಲೆ ಅಂಗಡಿಯ ಹುಡುಗ ರಜೆ ಹಾಕಿದ, ಶಶಿಧರನಿಗೆ ಮಧ್ಯಾಹ್ನದ ಊಟ ಒಯ್ಯಬೇಕಾಯಿತು. ಸೊಂಟ ಹಿಡಿದುಕೊಂಡಿತು. ಒಂದು ದಿನ ಬಿಟ್ಟಳು. ಮತ್ತೊಂದು ದಿನ. ಕೆಳಗೆ ಹೋಗಿ, ಅತ್ತೆ, ಇದಕ್ಕೆ ಹಾಕಬೇಡಿ ಎನ್ನಬಹುದಾಗಿತ್ತು. ಅಂದರೆ, ಗೊತ್ತು ಎಂದಂತಾಗುತ್ತಿತ್ತು.

"ಅಮ್ಮ, ಮುಚ್ಚಳ ಸೊಟ್ಟಗಿದೆ. ಯಾರಾದ್ರೂ ತೆಗೆದ್ರಾ?"

"ಬೆಕ್ಕಿರ್ಬೇಕು," ಅಂದಳು ವಿಮಲಾ.

ಓಪನ್ ಡೇ ಭಾನುವಾರ ಬಂತು. ಬಿಂದು ಯೂನಿಫಾರಂ ಇಸ್ತ್ರಿ ಮಾಡಿಕೊಳ್ಳುತ್ತಿರುವಾಗ ಶಶಿಧರ್ ಡ್ರಮ್ಮಿನಿಂದ ಗುದ್ದಲಿಯಲ್ಲಿ ಎಳೆದೆಳೆದು ಗೊಬ್ಬರವನ್ನು ಸಿಮೆಂಟ್ ಚೀಲಕ್ಕೆ ತುಂಬಿದ. ಮನೆಯವರನ್ನು ಕಾಲೇಜಿನ ಹತ್ತಿರ ಇಳಿಸಿ ಅವನು ಅಂಗಡಿಗೆ ವಾಪಸಾಗಬೇಕಿತ್ತು, ಅವಸರ. ಮಂಗಮ್ಮ ಸೀರೆ ಬದಲಾಯಿಸಿ ಗೇಟಿನ ಹತ್ತಿರ ನಿಂತಿದ್ದಳು. ಬಿಂದುವೇ ಕರೆದಿದ್ದಳು. ಅಜ್ಜಿ ಮನೆಯ ಕಸವೂ ಇದೆಯಲ್ಲ, ಅಜ್ಜಿಯೂ ಬರಲಿ ಎಂದು. ಮಂಗಮ್ಮ ಓಮ್ನಿ ವ್ಯಾನಿನ ಮುಂದಿನ ಸೀಟಿನಲ್ಲಿ, ವಿಮಲಾ ಹಿಂದೆ ಚೀಲದ ಪಕ್ಕದಲ್ಲಿ. ದಾರಿಯುದ್ದಕ್ಕೂ ಬಿಂದು ಒಬ್ಬಳೇ ಮಾತಾಡಿದಳು.

ಕಾಲೇಜಿನ ಮೈದಾನದಲ್ಲಿ ಶಾಮಿಯಾನದ ಮೇಲೆ ಶಾಮಿಯಾನ. ಔಷಧ ಸಿಂಪಡಿಸುವ ಡ್ರೋನ್ ನೋಡಲು ಮಕ್ಕಳು ಮುಗಿಬಿದ್ದಿದ್ದರು. ಮೈಕಿನಲ್ಲಿ ಬೀಜ ಗುರುತಿಸುವ ಸ್ಪರ್ಧೆಯ ಹೆಸರು ಕರೆಯುತ್ತಿದ್ದರು. ಗೊಬ್ಬರದ ಸಾಲು ಒಂದು ಮೂಲೆಯಲ್ಲಿತ್ತು. ಪ್ರತಿ ಮಗುವಿನ ಮುಂದೆ ಒಂದು ಟ್ರೇ, ಒಂದು ಹೆಸರಿನ ಚೀಟಿ. ಹಿಂದೆ ತಂದೆ ತಾಯಿಗಳು.

ತೀರ್ಪು ಕೊಡಲು ಬಂದವರು ಮಣ್ಣಿನ ವಿಭಾಗದ ಒಬ್ಬ ಮೇಡಂ. ಬಿಂದುವಿನ ಟ್ರೇಯಿಂದ ಒಂದು ಹಿಡಿ ತೆಗೆದು ಹಿಸುಕಿದರು, ಮೂಸಿದರು. ತಲೆಯಾಡಿಸಿದರು.

"ಏನೇನು ಹಾಕಿದೆ?"

"ಅವರೆ ಸಿಪ್ಪೆ, ಸೊಪ್ಪಿನ ದಂಟು, ಬಾಳೆ ಸಿಪ್ಪೆ, ಕಬ್ಬಿನ ಸಿಪ್ಪೆ. ಒಣಗಿದ ಎಲೆ ಪಾರ್ಕಿಂದ ತಂದೆ. ಮೇಲ್ಗಡೆ ಮನೇದು, ಕೆಳಗಡೆ ಮನೇದು, ಎರಡೂ ಕಸ ಇದೆ ಮೇಡಂ."

"ಎರಡು ಮನೇನಾ?"

ಬಿಂದು ಹಿಂದೆ ನಿಂತಿದ್ದ ಇಬ್ಬರನ್ನೂ ತಿರುಗಿ ನೋಡಿದಳು. "ಒಂದೇ ಮನೆ ಮೇಡಂ."

ಮೇಡಂ ನಕ್ಕು, ಟ್ರೇಯನ್ನು ಜರಡಿಗೆ ಸುರಿದು ಅಲುಗಿಸಿದರು. ಪುಡಿಯೆಲ್ಲ ಕೆಳಗಿಳಿಯಿತು. ಜರಡಿಯ ಮೇಲೆ ನಾಲ್ಕಾರು ಉಂಡೆಗಳು ಉಳಿದವು. ಒಂದನ್ನು ಕಡ್ಡಿಯಿಂದ ಒತ್ತಿದರು. ಬಿರಿದು ಒಣ ಹಿಟ್ಟು ಉದುರಿತು.

"ಇದೇನಿದು? ರಾಗಿ ಮುದ್ದೆ ಅಲ್ವಾ? ಬೇಯಿಸಿದ್ದು ಹಾಕಬಾರ್ದು ಅಂತ ಹೇಳಿರಲಿಲ್ವಾ?"

ಬಿಂದು ಉಂಡೆ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಮಂಗಮ್ಮ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಬಿಂದುವಿನ ಬಾಯಿ ತೆರೆಯಿತು.

"ನಂದು ಮೇಡಂ," ಅಂದಳು ವಿಮಲಾ ಹಿಂದಿನಿಂದ. "ನಾನ್ ಮಾಡಿದ್ ಮುದ್ದೆ. ಗಂಟಾಗಿತ್ತು, ಯಾರೂ ತಿನ್ಲಿಲ್ಲ. ಇದಕ್ಕೆ ಹಾಕ್ಬಿಟ್ಟೆ. ಮಗೂಗೆ ಗೊತ್ತಿಲ್ಲ."

"ಏನಮ್ಮ ನೀವು. ಬಣ್ಣ, ಹದ, ಎಲ್ಲ ಇಷ್ಟು ಚೆನ್ನಾಗಿದೆ. ತಾಯಂದಿರೇ ಹಿಂಗ್ ಮಾಡಿದ್ರೆ ಹೆಂಗೆ?"

ಪಕ್ಕದ ಟ್ರೇಯ ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಎಲ್ಲಿಯವರಮ್ಮ ನೀವು?" ಎಂದು ಕೇಳಿದಳು.

"ಸಾರಕ್ಕಿ."

"ಸಾರಕ್ಕಿಯವರಾಗಿ ಹಿಟ್ಟು ತೊಳ್ಸಕ್ಕೆ ಬರಲ್ವಾ?" ಸುತ್ತಲಿದ್ದ ನಾಲ್ಕು ಜನ ನಕ್ಕರು. ವಿಮಲಾ ಕೂಡ ನಕ್ಕಂತೆ ಮಾಡಿದಳು. ಮಂಗಮ್ಮ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದಳು. ಮೇಡಂ ಮುಂದಿನ ಟ್ರೇಗೆ ಹೋದರು.

ಗೆದ್ದವರ ಹೆಸರು ಮೈಕಿನಲ್ಲಿ ಬಂದಾಗ ಬಿಂದು ಅಲ್ಲಿರಲಿಲ್ಲ. ಗೆಳತಿಯರ ಜೊತೆ ಡ್ರೋನ್ ನೋಡುತ್ತೇನೆಂದು ಹೋಗಿದ್ದಳು. ಅತ್ತೆ ಸೊಸೆ ಇಬ್ಬರೇ ಒಂದು ಹೊಂಗೆ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತರು. ಊಟದ ಚೀಟಿ ಇಬ್ಬರ ಕೈಯಲ್ಲೂ ಇತ್ತು. ಯಾರೂ ಏಳಲಿಲ್ಲ. ಹಾಗೆ ಅಕ್ಕಪಕ್ಕ ಕೂತು ಅವರಿಗೆ ಒಂದು ವರ್ಷವೇ ಆಗುತ್ತ ಬಂದಿತ್ತು.

"ಯಾವಾಗಿಂದ ಗೊತ್ತು?" ಅಂದಳು ಮಂಗಮ್ಮ.

"ಸಂಕ್ರಾಂತಿಗೆ ಮುಂಚಿಂದ."

"ಗೊತ್ತಿದ್ದೂ ಬಾಯ್ ಬಿಡ್ಲಿಲ್ಲ."

"ನೀವೂ ಬಿಡ್ಲಿಲ್ಲ."

ಮಂಗಮ್ಮ ಬಲಗೈಯನ್ನು ಮಡಿಲ ಮೇಲಿಟ್ಟುಕೊಂಡು ಎಡಗೈಯಿಂದ ಮಣಿಕಟ್ಟು ತಿಕ್ಕಿಕೊಂಡಳು. "ಕೋಲು ಹಿಡೀತೀನಿ, ಎರಡು ಸುತ್ತು ತಿರುಗಿಸ್ತೀನಿ. ಆಮೇಲೆ ಬೆರಳೇ ನಿಲ್ಲಲ್ಲ. ನಂದನ್ನ ಯಾಕ್ ನಿಂದು ಅಂದೆ ಅಲ್ಲಿ? ನಾನ್ ಕೇಳಿದ್ನಾ?"

"ಇಲ್ಲ."

"ಮತ್ತೆ?"

ಮೈಕಿನವನು ಕಳೆದುಹೋದ ಒಂದು ಮಗುವಿನ ಹೆಸರು ಕೂಗುತ್ತಿದ್ದ.

"ಮಾವ ಏನ್ ತಿಂತಾರೆ?" ಎಂದು ಕೇಳಿದಳು ವಿಮಲಾ.

"ಅನ್ನ ಮಾಡ್ತೀನಿ. ಎರಡು ತುತ್ತು ತಿಂದು ಸಾಕು ಅಂತಾರೆ. ಹುಟ್ಟಿದಾಗಿಂದ ಹಿಟ್ಟು ತಿಂದ ಮೈ, ಅನ್ನಕ್ಕೆ ನಿಲ್ಲುತ್ತಾ? ಮುದ್ದೆ ಇಟ್ರೆ ಮುರೀತಾರೆ, ಒಳಗೆ ಹಿಟ್ಟು ನೋಡ್ತಾರೆ, ಹಸಿವಿಲ್ಲ ಕಣೆ ಅಂತಾರೆ. ಒಂದು ಬೈಗುಳ ಬೈದಿದ್ರೆ ಚೆನ್ನಾಗಿತ್ತು." ಮಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಶಶಿಗೆ ಹೇಳ್ತೀಯಾ?"

"ಹೇಳಿದ್ರೆ ಒಂದೇ ಒಲೆ ಮಾಡ್ತಾರೆ."

"ಅದಕ್ಕೇ ಕೇಳಿದ್ದು."

"ನಂಗೂ ಬೇಡ ಅತ್ತೆ."

ಮಂಗಮ್ಮ ಮೊದಲ ಸಲ ಅವಳ ಕಡೆ ತಿರುಗಿ ನೋಡಿದಳು. "ಬೇಡ್ವಾ?"

"ಬೇಡ."

"ಸರಿ ಹಂಗಾದ್ರೆ," ಅಂದಳು ಮಂಗಮ್ಮ. ಯುಗಾದಿಯಿಂದ ಈಚೆಗೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

"ಸಂಜೆ ಇವರು ಅಂಗಡಿಯಿಂದ ಬರೋಕ್ಕೆ ಮುಂಚೆ ಬಂದು ತೊಳ್ಸಿಕೊಟ್ಟು ಹೋಗ್ತೀನಿ. ಎಸರು ನೀವಿಟ್ಟಿರಿ. ಮಧ್ಯಾಹ್ನಕ್ಕೂ ಅದರಲ್ಲೇ ಒಂದು ಎತ್ತಿಟ್ಕೊಳಿ."

"ಮಗೂಗೆ?"

"ಅವಳಿಗೆ ಗೊತ್ತಾಯ್ತಲ್ಲ."

"ಸೋತ್ಲಲ್ಲೇ."

ವಿಮಲಾ ಚೀಟಿಗಳನ್ನು ಎತ್ತಿಕೊಂಡು ಊಟದ ಸಾಲಿನ ಕಡೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಂಗಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಬಿಂದು ಮತ್ತು ವಿಮಲಾ ಹಿಂದೆ ಕೂತರು. ಖಾಲಿ ಚೀಲ ಬಿಂದುವಿನ ಕಾಲಡಿ ಇತ್ತು.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಹೂಂ."

"ಅಜ್ಜಿ ಹಾಕ್ತಿರೋದು ನೋಡಿದ್ದೆ ನೀನು."

"ನೋಡಿದ್ದೆ."

"ನಂಗೆ ಬೆಕ್ಕು ಅಂದೆ."

ಬಿಂದು ಕಿಟಕಿಯ ಕಡೆ ತಿರುಗಿದಳು. ಬನಶಂಕರಿ ಬರುವವರೆಗೂ ಅವಳು ಹಾಗೇ ಕೂತಿದ್ದಳು. ವಿಮಲಾ ಅವಳ ಭುಜದ ಮೇಲೆ ಕೈ ಇಡಲು ಹೋಗಿ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

ಆ ವಾರದಿಂದ ಕೆಲಸ ಒಂದು ಕ್ರಮಕ್ಕೆ ಬಂತು. ಸಂಜೆ ದೀಪ ಹಚ್ಚಿ ವಿಮಲಾ ಕೆಳಗಿಳಿಯುತ್ತಾಳೆ. ಮಂಗಮ್ಮ ಎಸರಿಟ್ಟು, ಹಿಟ್ಟು ಅಳೆದಿಟ್ಟು, ಬಾಗಿಲ ಹತ್ತಿರ ಕೂತಿರುತ್ತಾಳೆ, ಯಾರಾದರೂ ಬಂದರೆ ಕೆಮ್ಮಲು. ಮಾತಿಲ್ಲ. ಒಮ್ಮೊಮ್ಮೆ, "ಉರಿ ಜಾಸ್ತಿಯಾಯ್ತು," ಎಂದು ಅಲ್ಲಿಂದಲೇ ಅನ್ನುತ್ತಾಳೆ. "ಗೊತ್ತು," ಅನ್ನುತ್ತಾಳೆ ವಿಮಲಾ. ತೊಳಸಿ, ಕಟ್ಟಿ, ತಟ್ಟೆಗಿಟ್ಟು, ಮೇಲೆ ಬಂದು, ಕೈಗೆ ಅಂಟಿದ ಹಿಟ್ಟು ತೊಳೆದು, ತನ್ನ ಒಲೆ ಹಚ್ಚುತ್ತಾಳೆ. ಚಿಕ್ಕಬೈರಪ್ಪ ಕುರ್ಚಿಯಲ್ಲಿ ಪೇಪರ್ ಹಿಡಿದು ಎಲ್ಲವನ್ನೂ ನೋಡುತ್ತಾನೆ. ಮತ್ತೆ ಮುದ್ದೆ ತಿನ್ನಲು ಶುರುಮಾಡಿದ.

ಒಂದು ಸಂಜೆ ಶಶಿಧರ್ ಅಂಗಡಿಯಿಂದ ಬಂದವನು ಮೊದಲು ಕೆಳಗೇ ಹೊಕ್ಕ. ಅವನು ಮೇಲೆ ಬಂದಾಗ ವಿಮಲಾಳ ಎಸರು ಕುದಿಯುತ್ತಿತ್ತು.

"ನಂಗ್ ಬೇಡ, ಕೆಳಗೆ ತಿಂದೆ. ಅಪ್ಪ ಬಿಡ್ಲಿಲ್ಲ, ಒಂದು ಮುದ್ದೆ ತಿನ್ನು ಅಂದ್ರು." ಹೊಟ್ಟೆ ಸವರಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿದ. "ಅಮ್ಮನ ಕೈ ನೋಡು. ಈ ವಯಸ್ಸಲ್ಲೂ ಬೆಣ್ಣೆ ಥರ ಇದೆ ಹಿಟ್ಟು. ನಾನೇ ಸುಮ್ನೆ ಒಂದೇ ಒಲೆ, ಒಂದೇ ಒಲೆ ಅಂತಿದ್ದೆ. ಅವಳ ಕೈ ಗಟ್ಟಿ ಇದೆ, ಇರ್ಲಿ ಬಿಡು ಎರಡೇ."

"ಹೂಂ."

"ನೀನೂ ಒಂದ್ ದಿನ ಹೋಗಿ ನಿಂತು ನೋಡು, ಹೆಂಗ್ ತೊಳಸ್ತಾಳೆ ಅಂತ. ಬೇಜಾರ್ ಮಾಡ್ಕೋಬೇಡ, ನಿಂದೂ ಚೆನ್ನಾಗೇ ಇರುತ್ತೆ. ಆದ್ರೆ ಅದು ಬೇರೆ."

"ನೋಡ್ತೀನಿ," ಅಂದಳು ವಿಮಲಾ.

ಅವನು ಟಿವಿ ಹಾಕಿದ. ಹೋಂವರ್ಕ್ ಮಾಡುತ್ತ ಎಲ್ಲ ಕೇಳಿಸಿಕೊಂಡ ಬಿಂದು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆ ಭಾನುವಾರದಿಂದ ಈಚೆಗೆ ಅವಳು ಅಮ್ಮನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದಳು.

ವಿಮಲಾ ಹಿಟ್ಟು ಸುರಿದು ಕೋಲು ಎತ್ತಿಕೊಂಡಳು. ಎತ್ತುವಾಗ ಒಂದು ಕೈ ಸೊಂಟಕ್ಕೆ ಹೋಯಿತು.

"ಕೊಡಮ್ಮ," ಅಂದಳು ಬಿಂದು ಸಣ್ಣ ದನಿಯಲ್ಲಿ. "ಹೆಂಗೆ ಅಂತ ತೋರ್ಸು. ನಾಳೆಯಿಂದ ಕೆಳಗಡೇದು ನಾನ್ ಮಾಡ್ತೀನಿ."

"ಬೇಡ."

"ಯಾಕೆ? ನಿಂಗೆ ನೋವಿದೆ."

"ನೀನ್ ಇದನ್ನ ಕಲೀಬೇಡ. ಹೋಗಿ ಓದ್ಕೋ."

ಬಿಂದು ಕೈ ಚಾಚಿಯೇ ನಿಂತಿದ್ದಳು. ವಿಮಲಾ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಮಗಳಿಗೆ ಬೆನ್ನು ಮಾಡಿ, ಪಾತ್ರೆಯ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಚಾಪೆ ಎಳೆದ ಸದ್ದು, ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು. ಆಗ ಅವಳು ಉರಿ ಸಣ್ಣ ಮಾಡಿ ತೊಳಸತೊಡಗಿದಳು.